ಒಂಬತ್ತೂವರೆಗೆ ಹಿಂತಿರುಗಿ

ಆಸ್ಟಿನ್
6 ಏಪ್ರಿಲ್ 2025

ಅಕ್ಕಾ,

ನೀನು ಕೇಳಿದ ಕಣಿವೆಯನ್ನು ಹೋದ ವಾರ ನೋಡಿಕೊಂಡು ಬಂದೆ. ನಮ್ಮದು ಡೇರೆ, ಬೂಟು, ಹಗ್ಗ ಬಾಡಿಗೆಗೆ ಕೊಡುವ ಅಂಗಡಿಯಲ್ಲವೇ, ಇಂಥದಕ್ಕೆ ಎರಡು ದಿನ ರಜೆ ಕೇಳಿದರೆ ಇಲ್ಲ ಎನ್ನುವುದಿಲ್ಲ. ಅಂಗಡಿಯಿರುವ ಡೊಮೇನ್ ಬಡಾವಣೆಯಿಂದ ಪಶ್ಚಿಮಕ್ಕೆ ಏಳು ಗಂಟೆ ಡ್ರೈವ್. ಕೊನೆಯ ಒಂದು ಗಂಟೆ ಫೋನ್‌ಗೆ ಸಿಗ್ನಲ್ ಇರುವುದಿಲ್ಲ.

ಲಾಸ್ಟ್ ಮ್ಯೂಲ್ ಕಣಿವೆ ದನ ಸಾಕುವ ಒಂದು ಖಾಸಗಿ ರಾಂಚಿನೊಳಗಿದೆ. ಮೇಲೆ ನಿಂತರೆ ಕಳ್ಳಿ, ಬೂದು ಪೊದೆ, ಕಲ್ಲು, ಅಷ್ಟೇ. ಅಂಚಿಗೆ ಹೋದ ಮೇಲೆಯೇ ನೆಲ ಸೀಳಿಕೊಂಡಿರುವುದು ಕಾಣುವುದು. ದಾರಿ ನಾಲ್ಕು ಮೈಲು, ಪೂರ್ತಿ ಇಳಿಜಾರು. ತಳದಲ್ಲಿ ಒಂದು ತಿರುವು, ಅದರಾಚೆ ಜಲಪಾತ. ದೊಡ್ಡದೇನಲ್ಲ, ಮೂರಾಳು ಎತ್ತರ. ಆದರೆ ಅಷ್ಟು ಒಣಕಲ್ಲಿನ ನಡುವೆ ನೀರು ಬೀಳುವ ಸದ್ದು ಕೇಳಿದರೆ ಕಾಲು ತಾನಾಗಿ ಓಡುತ್ತದೆ. ಅಪಾಯ ಇರುವುದು ಅಲ್ಲೇ. ಬೆಟ್ಟ ಹತ್ತುವವರಿಗೆ ಸುಸ್ತಾದರೆ ಇಳಿದುಬಿಡಬಹುದು. ಇಲ್ಲಿ ಸುಸ್ತಾಗುವ ಹೊತ್ತಿಗೆ ಹತ್ತುವುದು ಪೂರ್ತಿ ಬಾಕಿ ಇರುತ್ತದೆ. ಕೆಳಗಿನ ನೀರನ್ನು ಕುಡಿಯುವಂತಿಲ್ಲ, ಮೇಲೆ ದನ ಮೇಯುತ್ತವೆ.

ನಿಮ್ಮ ಗುಂಪಿನವರಿಗೆ ಕೊಡಲು ಬೇಕಾದದ್ದು ಇಷ್ಟು. ಬೆಳಗ್ಗೆ ಏಳಕ್ಕೆ ಇಳಿಯಲು ಶುರು ಮಾಡಬೇಕು. ಹನ್ನೊಂದಕ್ಕೆ ಎಲ್ಲಿದ್ದರೂ ಹಿಂತಿರುಗಬೇಕು, ಜಲಪಾತ ಕಂಡಿರಲಿ, ಕಾಣದಿರಲಿ. ಒಬ್ಬೊಬ್ಬರಿಗೆ ನಾಲ್ಕು ಲೀಟರ್ ನೀರು.

ಗೇಟಿನಲ್ಲಿ ಡೋರೀನ್ ಎಂಬ ಮುದುಕಿ ಒಂದು ಪುಸ್ತಕ ಇಟ್ಟುಕೊಂಡಿದ್ದಾಳೆ. ಹೋಗುವಾಗ ಹೆಸರು ಬರೆಯಬೇಕು, ಬಂದ ಮೇಲೆ ಸಹಿ ಹಾಕಬೇಕು. ಹಿಂದಿನ ಪುಟಗಳನ್ನು ತಿರುವಿದೆ. ಹೋದ ವರ್ಷದ ಮೇ ತಿಂಗಳಲ್ಲಿ ಮೂರು ಹೆಸರುಗಳ ಮುಂದೆ ಸಹಿ ಇಲ್ಲ. ಮರೆತರಾ ಎಂದು ಕೇಳಿದೆ. ಇಲ್ಲ, ಅವರನ್ನು ಬೇರೆಯವರು ಹೊತ್ತುಕೊಂಡು ಹೋದರು ಎಂದಳು. ಕನ್ನಡಕ ಒರೆಸಿಕೊಂಡು ಮತ್ತೆ ತನ್ನ ಪದಬಂಧ ಹಿಡಿದಳು.

ಸಿದ್ದು


ಕಾಪೆಲ್
9 ಏಪ್ರಿಲ್ 2025

ಸಿದ್ದೂ,

ನೀನು ವಾಟ್ಸಾಪ್ ತೆಗೆದುಹಾಕಿದ್ದರಿಂದ ನಾನು ಮಗಳನ್ನು ಮಲಗಿಸಿ, ಕೂತು, ಕನ್ನಡದಲ್ಲಿ ಇಮೇಲ್ ಟೈಪ್ ಮಾಡಬೇಕಾಗಿದೆ. ನಿನ್ನ ಭಾವ ಪ್ರಹ್ಲಾದ್ ನೋಡಿ, "ಅಕ್ಕ ತಮ್ಮ ಯಾವ ಕಾಲದಲ್ಲಿದ್ದೀರಾ" ಎಂದು ನಗುತ್ತಾನೆ.

ಟಿಪ್ಪಣಿ ಚೆನ್ನಾಗಿದೆ. ಸಹಿ ಇಲ್ಲದವರ ಕಥೆ ಮಾತ್ರ ಬೇಡ, ಅರ್ಧ ಜನ ಹೆಸರು ವಾಪಸ್ ತೆಗೆದುಕೊಳ್ಳುತ್ತಾರೆ. ಇನ್ನೊಂದು ಸಣ್ಣ ಬದಲಾವಣೆ. ನಿನ್ನ ಏಳನ್ನು ಐದು ಮಾಡುತ್ತೇನೆ, ಹನ್ನೊಂದನ್ನು ಒಂಬತ್ತು ಮಾಡುತ್ತೇನೆ. ನೀನು ನಮ್ಮ ಕನ್ನಡ ಬಳಗದಿಂದ ದೂರ ಇದ್ದು ಮೂರು ವರ್ಷವಾಯಿತು, ಮರೆತಿರಬೇಕು. ಯುಗಾದಿ ಕಾರ್ಯಕ್ರಮದ ಕಾರ್ಡಿನಲ್ಲಿ ನಾಲ್ಕು ಗಂಟೆ ಸರಿಯಾಗಿ ಎಂದಿತ್ತು. ದೀಪ ಹಚ್ಚಿದ್ದು ಆರೂಕಾಲಿಗೆ. ಯಾರಿಗೂ ಬೇಸರವಾಗಲಿಲ್ಲ, ಯಾಕೆಂದರೆ ನಾಲ್ಕು ಎಂದರೆ ಆರು ಎಂದು ಎಲ್ಲರಿಗೂ ಗೊತ್ತು. ಕಾರ್ಯದರ್ಶಿಯಾಗಿ ನಾನು ಎರಡು ಗಂಟೆ ಕಳೆದು ಬರೆಯುತ್ತೇನೆ, ಅವರು ಎರಡು ಗಂಟೆ ಸೇರಿಸಿ ಓದುತ್ತಾರೆ. ಬಳಗದಲ್ಲಿ ಡಲ್ಲಾಸ್ ಕಡೆಯ ನಾವೂ ಹಾಗೇ, ಹ್ಯೂಸ್ಟನ್‌ನವರೂ ಹಾಗೇ.

ಇಪ್ಪತ್ತಾರಕ್ಕೆ ಹೋಗುವುದೆಂದು ವೆಂಕಟರಮಣ ಅಂಕಲ್ ಹೇಳಿದ್ದಾರೆ. ಹದಿನೈದು ಜನ ಆಗಬಹುದು.

ಒಂದು ಪ್ರಶ್ನೆ. ಬಿ.ಪಿ.ಗೆ ಮೂತ್ರ ಹೆಚ್ಚು ಹೋಗುವ ಮಾತ್ರೆ ಕೊಡುತ್ತಾರಲ್ಲ, ಅದನ್ನು ತೆಗೆದುಕೊಳ್ಳುವವರು ಇಳಿಯಬಹುದಾ?

ವಾಣಿ


ಆಸ್ಟಿನ್
10 ಏಪ್ರಿಲ್ 2025

ಅಕ್ಕಾ,

ಬೇಡ. ನನ್ನ ಹೆಸರು ಹಾಕುವುದಾದರೆ ನನ್ನ ಅಂಕೆಯನ್ನೇ ಹಾಕು. ಇಲ್ಲವಾದರೆ ಎರಡನ್ನೂ ತೆಗೆ.

ನಾನು ಯಾಕೆ ಹೀಗೆ ಹಟ ಮಾಡುತ್ತೇನೆಂದು ನಿನಗೆ ಗೊತ್ತು, ಆದರೂ ಒಮ್ಮೆ ಬರೆದುಬಿಡುತ್ತೇನೆ. ಹನ್ನೆರಡನೇ ಕ್ಲಾಸಿನಲ್ಲಿ ಕಾಲೇಜಿನ ಅರ್ಜಿಗೆಂದು ನೂರು ಗಂಟೆ ಸಮಾಜಸೇವೆ ತೋರಿಸಬೇಕಿತ್ತು. ದೇವಸ್ಥಾನದ ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆದದ್ದು ಮೂವತ್ತೊಂದು ಗಂಟೆ. ಅಲ್ಲಿಯ ಕೆಲಸ ನೋಡಿಕೊಳ್ಳುತ್ತಿದ್ದ ವೆಂಕಟರಮಣ ಅಂಕಲ್ ನೂರಿಪ್ಪತ್ತು ಎಂದು ಬರೆದು ಸಹಿ ಹಾಕಿಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು, "ಎಂತ ಮಾರಾಯ, ಎಲ್ಲ ಮಕ್ಕಳಿಗೂ ಕೊಡುದೇ" ಎಂದರು. ನಾನು ಸ್ಕೂಲಿನಲ್ಲಿ ಹೋಗಿ ಮೂವತ್ತೊಂದು ಎಂದೆ. ಸ್ಕೂಲಿನವರು ಉಳಿದ ಮಕ್ಕಳ ಕಾಗದಗಳನ್ನೂ ತೆಗೆದು ನೋಡಿದರು, ಎಲ್ಲರೂ ಸಿಕ್ಕಿಬಿದ್ದರು. ಆಮೇಲೆ ಅಪ್ಪ ಒಂದು ವರ್ಷ ಹಬ್ಬಕ್ಕೆ ದೇವಸ್ಥಾನಕ್ಕೆ ಹೋಗಲಿಲ್ಲ. ಸ್ಕೂಲ್ ಬಿಟ್ಟದ್ದಕ್ಕೆ ಮಾತ್ರ ನಾನು ಯಾರನ್ನೂ ದೂರುವುದಿಲ್ಲ. ಕೂತ ಜಾಗದಲ್ಲಿ ಕೂರಲು ನನಗೆ ಆಗುತ್ತಿರಲಿಲ್ಲ, ಬಿಟ್ಟೆ.

ಹಾಗಾಗಿ ಏಳು ಎಂದರೆ ಏಳು. ನಾನು ಬರೆದದ್ದೆಂದು ತಿಳಿದರೆ ಜನ ಹಾಗೇ ಓದಲಿ.

ಮಾತ್ರೆ ತೆಗೆದುಕೊಳ್ಳುವವರು ಇಳಿಯಬಾರದು. ಯಾರದು?

ಸಿದ್ದು


ಕಾಪೆಲ್
21 ಏಪ್ರಿಲ್ 2025

ಸಿದ್ದೂ,

ನೀನೇ ಗೆದ್ದೆ. ನೀನು ಬರೆದಂತೆಯೇ ಟೈಪ್ ಮಾಡಿ, ಕೆಳಗೆ ನಿನ್ನ ಹೆಸರು ಹಾಕಿ ಗ್ರೂಪಿಗೆ ಕಳಿಸಿದೆ. ನನ್ನ ಜೀವನದಲ್ಲಿ ಮೊದಲ ಸಲ ಬಳಗಕ್ಕೆ ನಿಜವಾದ ಸಮಯ ಕಳಿಸಿದ್ದೇನೆ.

ದಿನಾಂಕ ಮುಂದೆ ಹೋಗಿದೆ. ರಿಚರ್ಡ್‌ಸನ್‌ನಿಂದ ಬರುವ ಇಂಚರಾ ಮತ್ತವಳ ಸ್ನೇಹಿತೆಯರಿಗೆ ಪರೀಕ್ಷೆ, ಪ್ರಹ್ಲಾದ್‌ಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್. ಮೇ 25, ಭಾನುವಾರ. ಲಾಂಗ್ ವೀಕೆಂಡ್ ಇದೆ, ಶನಿವಾರ ರಾತ್ರಿ ಮೋಟೆಲ್‌ನಲ್ಲಿ ಉಳಿದು ಬೆಳಗ್ಗೆ ಇಳಿಯುವುದು. ಒಂದೇ ತಿಂಗಳ ವ್ಯತ್ಯಾಸ ತಾನೆ.

ವಾಣಿ


ಆಸ್ಟಿನ್
22 ಏಪ್ರಿಲ್ 2025

ಅಕ್ಕಾ,

ಒಂದೇ ತಿಂಗಳಲ್ಲ. ನಾನು ಕೊಟ್ಟದ್ದು ಏಪ್ರಿಲ್‌ನ ಅಂಕೆ. ಮೇ ಕೊನೆಯಲ್ಲಿ ಆ ಕಣಿವೆ ಬೇರೆಯೇ. ಎರಡೂ ಕಡೆಯ ಕಲ್ಲು ಹೆಂಚಿನ ಹಾಗೆ ಕಾಯುತ್ತದೆ, ಗಾಳಿ ಕೆಳಗೆ ಇಳಿಯುವುದಿಲ್ಲ. ಡೋರೀನ್‌ಗೆ ಫೋನ್ ಮಾಡಿದೆ. ಆ ವಾರಾಂತ್ಯ ತೆರೆದಿರುತ್ತೇವೆ, ಬರಬೇಡಿ ಎನ್ನುವ ಹಕ್ಕು ನನಗಿಲ್ಲ, ಆದರೆ ಬರಬೇಡಿ ಎಂದಳು.

ಬೇಡವೆಂದು ನಾನೂ ಹೇಳುತ್ತೇನೆ. ಹೋಗಿಯೇ ತೀರುತ್ತೀರಿ ಎಂದಾದರೆ ಹಳೆಯ ಟಿಪ್ಪಣಿ ಹರಿದುಹಾಕಿ. ಮಬ್ಬು ಬೆಳಕಿನಲ್ಲಿ ಆರೂಕಾಲಿಗೆ ಶುರು. ಒಂಬತ್ತೂವರೆಗೆ ಹಿಂತಿರುಗಿ. ಆರು ಲೀಟರ್ ನೀರು, ಜೊತೆಗೆ ಉಪ್ಪು ಹಾಕಿದ ಏನಾದರೂ ತಿನ್ನಲು. ಒಂಬತ್ತೂವರೆಗೆ ತಿರುಗಿದರೂ ಮೇಲೆ ಬರುವಾಗ ಒಂದು ಗಂಟೆ ಆಗಿರುತ್ತದೆ. ಅದಕ್ಕಿಂತ ತಡವಾದರೆ ಹತ್ತುವ ದಾರಿ ಪೂರ್ತಿ ಬಿಸಿಲಿಗೆ ಬೀಳುತ್ತದೆ, ಒಂದು ಮರವೂ ಇಲ್ಲ.

ನಾನೇ ಬರುತ್ತೇನೆ. ದಾರಿ ಗೊತ್ತು, ಹಿಂದಿನಿಂದ ಎಲ್ಲರನ್ನೂ ಎಬ್ಬಿಸಿಕೊಂಡು ಬರುತ್ತೇನೆ. ವೆಂಕಟರಮಣ ಅಂಕಲ್‌ಗೆ ನಾನು ಬರುವುದು ಮುಜುಗರವಾದರೆ ಮಾತಾಡಿಸಬೇಕಾಗಿಲ್ಲ, ಸುಮ್ಮನೆ ನಡೆಯುತ್ತೇನೆ.

ಮಾತ್ರೆಯವರು ಯಾರೆಂದು ನೀನು ಹೇಳಲಿಲ್ಲ.

ಸಿದ್ದು


ಕಾಪೆಲ್
11 ಮೇ 2025

ಸಿದ್ದೂ,

ತಡವಾಯಿತು, ಮಗಳಿಗೆ ಜ್ವರ ಇತ್ತು.

ಹೊಸ ಟಿಪ್ಪಣಿಯನ್ನು ಮೀಟಿಂಗಿನಲ್ಲಿ ವೆಂಕಟರಮಣ ಅಂಕಲ್ ಎದ್ದು ನಿಂತು ಓದಿದರು. "ನೋಡಿ, ಹುಡುಗ ಗಂಟೆಯ ವಿಷಯದಲ್ಲಿ ಮೊದಲಿಂದಲೂ ಬಹಳ ಖಡಕ್, ನನಗೇ ಅನುಭವ ಉಂಟು" ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ನಿಜವಾಗಿ ಅವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಆಮೇಲೆ ಯಾರೋ, "ಒಂಬತ್ತೂವರೆಗೆ ವಾಪಸ್ ಬರೋದಾದ್ರೆ ತಿಂಡಿ ಯಾವಾಗ ತಿನ್ನೋದು" ಎಂದು ಕೇಳಿದರು. ಅಂಕಲ್, "ಒಂಬತ್ತೂವರೆ ಅಂದ್ರೆ ಹನ್ನೊಂದೂವರೆ ಅಂತ ಲೆಕ್ಕ, ಅದೂ ಗೊತ್ತಿಲ್ವಾ" ಎಂದುಬಿಟ್ಟರು. ಇದು ನಿಜವಾದ ಸಮಯ, ಈ ಸಲ ನಾನು ಕಳೆದಿಲ್ಲ ಎಂದು ಹೇಳಿದೆ. "ನೀನು ಪ್ರತಿ ಸಲ ಹಾಗೇ ಹೇಳ್ತೀಯಲ್ಲ ವಾಣಿ" ಎಂದರು. ನಿಜವೇ, ಪ್ರತಿ ಸಲ ಹಾಗೇ ಹೇಳಿದ್ದೇನೆ.

ನೀನು ಬರುವುದು ಬೇಡ. ಕಾರುಗಳಲ್ಲಿ ಜಾಗ ಇಲ್ಲ, ಮೋಟೆಲ್ ರೂಮುಗಳೂ ಮುಗಿದಿವೆ. ಬೇರೆ ಕಾರಣ ಏನೂ ಇಲ್ಲ.

ವಾಣಿ


ಆಸ್ಟಿನ್
12 ಮೇ 2025

ಅಕ್ಕಾ,

ನನಗೆ ಕಾರಿದೆ. ಮೋಟೆಲ್ ಬೇಕಿಲ್ಲ, ಡೇರೆ ಬಾಡಿಗೆ ಕೊಡುವವನು ನಾನು. ಸ್ಕೂಲ್ ಬಿಟ್ಟ ಹುಡುಗ ಮುಂದೆ ನಿಂತು ದಾರಿ ತೋರಿಸುವುದು ನಿಮ್ಮವರಿಗೆ ಇಷ್ಟವಿಲ್ಲ ಎಂದು ನೇರವಾಗಿ ಬರೆದಿದ್ದರೆ ಬೇಸರವಾಗುತ್ತಿರಲಿಲ್ಲ.

ಬರುವುದಿಲ್ಲ. ಅಂಕೆ ಅದೇ.

ಸಿದ್ದು


ಆಸ್ಟಿನ್
23 ಮೇ 2025, ಶುಕ್ರವಾರ ಸಂಜೆ

ಅಕ್ಕಾ,

ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಚಪಾತಿ ಲಟ್ಟಿಸುತ್ತಿರಬೇಕು. ಇದನ್ನು ಓದಿದ ಕೂಡಲೇ ಗ್ರೂಪಿಗೆ ಕಳಿಸು.

ಭಾನುವಾರ ಅಲ್ಲಿ 107 ಡಿಗ್ರಿ ಫ್ಯಾರನ್‌ಹೀಟ್ ಎಂದು ಹವಾಮಾನದವರು ಹೇಳುತ್ತಿದ್ದಾರೆ. ಅದು ಮೇಲಿನ ಬಯಲಿನದು, ಕಣಿವೆಯೊಳಗಿನದಲ್ಲ.

ನಾನು ನಿನಗೆ ಬರೆದದ್ದೆಲ್ಲ ನಿಜ. ಬರೆಯದೆ ಬಿಟ್ಟದ್ದು ಒಂದಿದೆ. ಹನ್ನೊಂದಕ್ಕೆ ತಿರುಗಬೇಕೆಂದು ನನಗೆ ಹೇಗೆ ಗೊತ್ತಾಯಿತೆಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಣಿವೆ ನೋಡಲು ಹೋದ ದಿನ ನಾನು ತಿರುಗಿದ್ದು ಒಂದು ಗಂಟೆಗೆ. ನೀರಿನ ಸದ್ದು ಕೇಳುತ್ತಾ ಬಂಡೆಯ ಮೇಲೆ ಮಲಗಿದ್ದೆ, ಎದ್ದು ಹೋಗಲು ಮನಸ್ಸಾಗಲಿಲ್ಲ. ಎರಡನೇ ಮೈಲಿನಲ್ಲಿ ವಾಂತಿಯಾಯಿತು. ಮೂರನೆಯದರಲ್ಲಿ ಬೆವರುವುದು ನಿಂತಿತು. ಬಿಸಿಲಿನಲ್ಲಿ ಚಳಿ ಹಿಡಿಯಿತು, ಅಕ್ಕಾ. ನೀರಿನ ಬಾಟಲಿ ಭಾರ ಎನಿಸಿ ಎಸೆದೆ, ಅದರಲ್ಲಿ ಇನ್ನೂ ನೀರಿತ್ತು. ಯಾಕೆ ಎಸೆದೆನೆಂದು ಈಗಲೂ ಗೊತ್ತಿಲ್ಲ. ಕೊನೆಯ ಅರ್ಧ ಮೈಲು ಕೈಯೂರಿ ಹತ್ತಿದೆ. ಡೋರೀನ್ ನನ್ನನ್ನು ದನಗಳಿಗೆ ನೀರಿಡುವ ತೊಟ್ಟಿಯಲ್ಲಿ ಬಟ್ಟೆ ಸಮೇತ ಕೂರಿಸಿದಳು. ನನಗೆ ಇಪ್ಪತ್ತು ವರ್ಷ. ಅದು ಮಾರ್ಚ್ ತಿಂಗಳು.

ಇದನ್ನು ಬರೆದರೆ ಅಪ್ಪನ ಕಿವಿಗೆ ಬೀಳುತ್ತದೆ, ಇವನಿಗೆ ಇದೂ ಬರಲಿಲ್ಲ ಎನ್ನುತ್ತಾರೆ ಎಂದು ಬಿಟ್ಟೆ. ಬೇರೆ ಕಾರಣವಿಲ್ಲ.

ಇನ್ನೊಂದು. ನೀನು ಹೇಳಿದ್ದೇ ಸರಿ. ಎರಡು ಗಂಟೆ ಕಳೆದು ಬರೆ. ಏಳೂವರೆಗೆ ಹಿಂತಿರುಗಿ ಎಂದು ಬರೆ, ನನ್ನ ಹೆಸರಿನಲ್ಲೇ ಬರೆ. ಅಥವಾ ಬಾ ಎಂದು ಒಂದು ಸಾಲು ಕಳಿಸು, ಅಂಗಡಿ ಬಿಟ್ಟು ಈಗಲೇ ಹೊರಡುತ್ತೇನೆ.

ಸಿದ್ದು


29 ಮೇ 2025
ಆಸ್ಪತ್ರೆಯಿಂದ

ಸಿದ್ದೂ,

ನಿನ್ನ ಪತ್ರವನ್ನು ನಿನ್ನೆ ಓದಿದೆ. ಶುಕ್ರವಾರ ನಿನ್ನ ಎರಡು ಮಿಸ್ಡ್ ಕಾಲ್ ನೋಡಿದ್ದೆ. ಮತ್ತೆ ಜಗಳ ಎಂದುಕೊಂಡು ಎತ್ತಲಿಲ್ಲ. ಇಮೇಲ್ ತೆರೆಯಲೇ ಇಲ್ಲ.

ಪ್ರಹ್ಲಾದ್‌ನ ಮೂತ್ರಪಿಂಡ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ ಎಂದು ಡಾಕ್ಟರ್ ಹೇಳುತ್ತಾರೆ. ವೆಂಕಟರಮಣ ಅಂಕಲ್ ತೀರಿಹೋದ ಸುದ್ದಿ ನಿನಗೆ ತಲುಪಿರುತ್ತದೆ. ನಿನಗೆ ಯಾರು ಏನು ಹೇಳಿದರೋ ತಿಳಿಯದು, ನಡೆದದ್ದನ್ನು ನಾನೇ ಬರೆಯುತ್ತೇನೆ.

ಮಾತ್ರೆ ತೆಗೆದುಕೊಳ್ಳುವವರು ಅಪ್ಪ. ನೀನು ಬಂದರೆ ತಾನು ಬರುವುದಿಲ್ಲ ಎಂದಿದ್ದರು, ಅದಕ್ಕೇ ನಿನ್ನನ್ನು ಬೇಡವೆಂದೆ. ಅಪ್ಪ ಮೂರು ವರ್ಷದ ಮೇಲೆ ಬಳಗದ ಜೊತೆ ಹೊರಟಿದ್ದರು, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಮೋಟೆಲ್ ಬಿಡುವುದು, ತಿಂಡಿ, ಬ್ಯಾನರ್ ಹಿಡಿದು ಫೋಟೋ. ಇಳಿಯಲು ಶುರು ಮಾಡಿದಾಗ ಎಂಟೂಕಾಲು. ಎರಡೂವರೆ ಮೈಲು ನಡೆದಿದ್ದೆವೇನೋ, ಅಪ್ಪ ನಿಂತು ವಾಚ್ ನೋಡಿಕೊಂಡರು.

"ಒಂಬತ್ತೂವರಿ ಆತು. ನಾ ತಿರಗತೀನಿ."

ಅಂಕಲ್ ಜೋರಾಗಿ ನಕ್ಕರು. "ಎಂತ ಬಾಳಪ್ಪನವರೇ, ನೀರಿನ ಮುಖ ಸಹ ನೋಡ್ಲಿಲ್ಲ. ಒಂಬತ್ತೂವರೆ ಅಂದ್ರೆ ಹನ್ನೊಂದೂವರೆ ಅಂತ ಇಡೀ ಬಳಗಕ್ಕೇ ಗೊತ್ತುಂಟು."

"ನಿಮ್ಮ ಹುಡುಗೂರು ಹಂಗ ಹೇಳ್ತಿರಬೇಕ್ರಿ. ನನ್ನ ಮಗಗ ಹಂಗ ಹೇಳಾಕ ಬರೂದಿಲ್ಲ. ಬಂದಿದ್ರ ಇವತ್ತು ಅಂವ ಕಾಲೇಜಿನ್ಯಾಗ ಇರ್ತಿದ್ದ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ತಿರುಗಿ ಹತ್ತಲು ಶುರು ಮಾಡಿದರು. ಇಂಚರಾ ಮತ್ತವಳ ಇಬ್ಬರು ಸ್ನೇಹಿತೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಪ್ಪನ ಹಿಂದೆ ಹೋದರು. "ಬಿಡೇ, ಮಾವನಿಗೆ ಸುಸ್ತಾಗಿರಬೇಕು, ಹುಡುಗಿಯರು ಜೊತೆಗಿದ್ದಾರಲ್ಲ" ಎಂದ ಪ್ರಹ್ಲಾದ್. ನಾನು ಮುಂದೆ ನಡೆದೆ. ನಿನ್ನ ಅಂಕೆ ನಿಜವೆಂದು ಗೊತ್ತಿದ್ದವರು ಅಲ್ಲಿ ಇಬ್ಬರೇ, ಅಪ್ಪ ಮತ್ತು ನಾನು.

ಜಲಪಾತ ಚೆನ್ನಾಗಿತ್ತು. ಅದನ್ನು ಬರೆಯಲೂ ನಾಚಿಕೆಯಾಗುತ್ತದೆ. ನೀರಿನಲ್ಲಿ ಕಾಲಿಟ್ಟು ಊಟ ಮಾಡಿದೆವು, ಅಂಕಲ್ ಕೋಡುಬಳೆ ಹಂಚಿದರು. ಹನ್ನೊಂದೂವರೆಗೆ ನಾನು ಏಳಿ ಎಂದೆ. ಎದ್ದದ್ದು ಒಂದೂಮುಕ್ಕಾಲಿಗೆ.

ಮಿಕ್ಕದ್ದು ನಿನಗೆ ಗೊತ್ತಿದೆ, ನೀನು ಬರೆದಿದ್ದೀಯಲ್ಲ. ಒಂದೊಂದೂ ಅದೇ ಕ್ರಮದಲ್ಲಿ ಆಯಿತು. ಮೊದಲು ವಾಂತಿ, ಆಮೇಲೆ ಬೆವರು ನಿಂತಿತು. ಮೂರನೇ ಮೈಲಿನಲ್ಲಿ ಅಂಕಲ್ ಚಳಿ ಎಂದರು. ಚೀಲ ಬಿಚ್ಚಿ ಕೆಳಗೆ ಎಸೆದರು. ಪ್ರಹ್ಲಾದ್ ಅವರನ್ನು ಬೆನ್ನ ಮೇಲೆ ಹಾಕಿಕೊಂಡು ಸ್ವಲ್ಪ ದೂರ ಹತ್ತಿದ, ಆಮೇಲೆ ಅವನೂ ಕುಸಿದ. ಅಂಕಲ್ ತುಳುವಿನಲ್ಲಿ ಏನೇನೋ ಮಾತಾಡುತ್ತಿದ್ದರು, ಅಲ್ಲಿ ಯಾರಿಗೂ ತುಳು ಬರುತ್ತಿರಲಿಲ್ಲ.

ಅಪ್ಪ ಹನ್ನೊಂದೂವರೆಗೇ ಮೇಲೆ ತಲುಪಿದ್ದರಂತೆ. ಮಧ್ಯಾಹ್ನ ಎರಡು ಗಂಟೆಯಾದರೂ ನಾವು ಕಾಣದಿದ್ದಾಗ ಡೋರೀನ್ ಮುಂದೆ ನಿಂತು ಹೆಲಿಕಾಪ್ಟರ್ ಕರೆಸು ಎಂದರಂತೆ. ಅದು ಬಂದದ್ದು ಐದಕ್ಕೆ. ಅಷ್ಟರಲ್ಲಿ ಅಂಕಲ್ ಮಾತು ನಿಲ್ಲಿಸಿದ್ದರು.

ಈಗ ಒಂದು ಮಾತು, ಸಿಟ್ಟು ಮಾಡಿಕೊಳ್ಳಬೇಡ. ಗಂಡನನ್ನು ಕಳೆದುಕೊಂಡ ನಿರುಪಮಾ ಆಂಟಿ ಹ್ಯೂಸ್ಟನ್‌ನ ಮನೆಯಲ್ಲಿ ನಿನ್ನ ಟಿಪ್ಪಣಿಯನ್ನು ಕೈಯಲ್ಲೇ ಇಟ್ಟುಕೊಂಡು ಕೂತಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. "ಆ ಹುಡುಗ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ, ಇವರೇ ಕೇಳಲಿಲ್ಲ" ಎನ್ನುತ್ತಾರೆ. ಅವರಿಗೆ ಹಿಡಿದುಕೊಳ್ಳಲು ಅದೊಂದೇ ಇದೆ. ಬಳಗದಲ್ಲಿ ಎಲ್ಲರೂ ನಿನ್ನ ಬಗ್ಗೆ ಒಳ್ಳೆಯದನ್ನೇ ಆಡುತ್ತಿದ್ದಾರೆ. ಅಪ್ಪ ನಿನ್ನೆ ಫೋನ್ ಮಾಡಿ, "ಅಂವಗ ಮನೀಗೆ ಬಾ ಅನ್ನು" ಎಂದರು. ಮೂರು ವರ್ಷದಲ್ಲಿ ಮೊದಲ ಸಲ.

ಶುಕ್ರವಾರದ ಪತ್ರವನ್ನು ನಾನು ಅಳಿಸಿಹಾಕಿದ್ದೇನೆ. ನೀನೂ ಅಳಿಸು. ಅದನ್ನು ಓದಿದವಳು ನಾನೊಬ್ಬಳೇ. ನಿನಗೆ ಹೀಗಾಗಿತ್ತೆಂದು ಏಪ್ರಿಲ್‌ನಲ್ಲೇ ತಿಳಿದಿದ್ದರೆ ಯಾರೂ ಇಳಿಯುತ್ತಿರಲಿಲ್ಲ ಎಂದು ಆಂಟಿಗೆ ಈಗ ಗೊತ್ತಾಗಿ ಯಾರಿಗೇನು ಉಪಯೋಗ?

ವಾಣಿ


ಆಸ್ಟಿನ್
30 ಮೇ 2025

ಅಕ್ಕಾ,

ನಾನು ಅಳಿಸಿಲ್ಲ. ಎರಡು ಪ್ರತಿ ಪ್ರಿಂಟ್ ತೆಗೆದಿದ್ದೇನೆ.

ಎರಡು ಗಂಟೆ ಸೇರಿಸಿ ಓದುವುದು ನಿಮ್ಮವರ ರೂಢಿ. ನಾನು ಬಚ್ಚಿಟ್ಟದ್ದನ್ನು ಯಾವ ರೂಢಿಯ ಮೇಲೆ ಹಾಕಲಿ? ಅವರು ಸೇರಿಸಿ ಓದುತ್ತಾರೆಂದು ನೀನು ಏಪ್ರಿಲ್ ಒಂಬತ್ತರಂದೇ ಬರೆದಿದ್ದೆ. ಆರು ವಾರ ನನಗೆ ಗೊತ್ತಿತ್ತು. ಹೆದರಿಸುವಂಥ ನಿಜ ಒಂದು ನನ್ನ ಹತ್ತಿರವೇ ಇತ್ತು, ಅದಕ್ಕೆ ಯಾರೂ ಏನನ್ನೂ ಸೇರಿಸಲು, ಕಳೆಯಲು ಆಗುತ್ತಿರಲಿಲ್ಲ. ನಾನು ಅಂಕೆ ಹಿಡಿದುಕೊಂಡು ಕೂತೆ. ಶುಕ್ರವಾರವೂ ನೀನು ಬಾ ಎನ್ನುವವರೆಗೆ ಕಾದೆ. ಹೊರಟುಬಿಟ್ಟಿದ್ದರೆ ಶನಿವಾರ ರಾತ್ರಿ ನಿಮ್ಮ ಮೋಟೆಲ್ ಬಾಗಿಲಲ್ಲಿ ಇರುತ್ತಿದ್ದೆ. ಕರೆಯದೆ ಹೇಗೆ ಹೋಗುವುದು ಎಂದುಕೊಂಡೆ.

ಅಪ್ಪ ಕಣಿವೆಯಲ್ಲಿ ಆಡಿದ ಮಾತನ್ನು ನಾಲ್ಕೈದು ಸಲ ಓದಿದೆ. ಅದು ನನಗೆ ಸಲ್ಲುವುದಿಲ್ಲ. ಅವರು ನಂಬಿ ತಿರುಗಿದ ಮಗ ಪೂರ್ತಿ ನಿಜ ಬರೆದವನಲ್ಲ.

ಆಂಟಿ ಆ ಕಾಗದ ಹಿಡಿದುಕೊಂಡು ತಮ್ಮ ಗಂಡನನ್ನೇ ದೂರುತ್ತಾ ಕೂರುವುದು ನನಗೆ ಬೇಡ. ಮಾರ್ಚ್‌ನಲ್ಲಿ ಏನಾಯಿತೆಂದು ಕೇಳಿದ ಮೇಲೆ ಅವರು ನನ್ನನ್ನು ದೂರಲಿ.

ನಾಳೆ ಬೆಳಗ್ಗೆ ಹ್ಯೂಸ್ಟನ್‌ಗೆ ಹೊರಡುತ್ತೇನೆ. ಹತ್ತು ಗಂಟೆಗೆ ಆಂಟಿಯ ಮನೆಯಲ್ಲಿರುತ್ತೇನೆ. ಪತ್ರವನ್ನು ಕೊಟ್ಟು ಬರುವುದಿಲ್ಲ, ಕೂತು ನಾನೇ ಓದಿ ಹೇಳುತ್ತೇನೆ. ಇನ್ನೊಂದು ಪ್ರತಿ ಅಪ್ಪನಿಗೆ, ಅದನ್ನು ಇವತ್ತೇ ಅವರಿಗೆ ಇಮೇಲ್ ಕೂಡ ಮಾಡಿದ್ದೇನೆ. ಓದಿರುತ್ತಾರೆ. ಆಂಟಿಯ ಮನೆ ಬಿಟ್ಟ ಮೇಲೆ ಅದೇ ಊರಿನಲ್ಲಿರುವ ನಮ್ಮ ಬೀದಿಗೆ ಹೋಗುತ್ತೇನೆ. ಅಪ್ಪ ಬಾಗಿಲು ತೆಗೆದರೆ ಒಳಗೆ ಹೋಗುತ್ತೇನೆ.

ಪ್ರಹ್ಲಾದ್ ಭಾವನಿಗೆ ಎಚ್ಚರವಾದಾಗ ಅವರಿಗೂ ಹೇಳು.

ಸಿದ್ದು